ಆಲಿಕಲ್ಲು ಬೀಳುವುದು ಚಳಿಗಲ್ಲ
ಲೇಖನ ಚೆನ್ನಾಗಿದೆ. ಆದರೆ ಚಳಿ ಜಾಸ್ತಿಯಾದಾಗ ಆಲಿಕಲ್ಲು ಬೀಳುತ್ತದೆ ಅಂತ ಬರೆದಿದ್ದೀರಲ್ಲ, ಅದು ಸರಿಯಿಲ್ಲ. ನಮ್ಮ ಕಡೆ ಬೀಳುವುದು ಏಪ್ರಿಲ್, ಮೇ ಬಿಸಿಲಿನಲ್ಲೇ ಅಲ್ವಾ? ನೆಲ ಕಾದು ಬಿಸಿಗಾಳಿ ರಭಸವಾಗಿ ಮೇಲೇರುತ್ತದೆ, ಮೋಡ 12-15 ಕಿ.ಮೀ. ಎತ್ತರಕ್ಕೆ ಬೆಳೆಯುತ್ತದೆ. ಸುಮಾರು 5 ಕಿ.ಮೀ. ದಾಟಿದರೆ ಸೊನ್ನೆ ಡಿಗ್ರಿಗಿಂತ ಕಡಿಮೆ. ಆದರೂ ಎಷ್ಟೋ ಹನಿಗಳು ನೀರಾಗಿಯೇ ಇರುತ್ತವೆ. ಐಸಿನ ಹರಳು ತಾಗಿದ್ದೇ ತಡ, ಅಂಟಿ ಹೆಪ್ಪುಗಟ್ಟುತ್ತವೆ. ಗಾಳಿ ಹೊತ್ತಿರುವಷ್ಟು ಹೊತ್ತೂ ಕಲ್ಲು ದಪ್ಪವಾಗುತ್ತದೆ. ಕಳೆದ ವರ್ಷ ಅಂಗಳದಲ್ಲಿ ಬಿದ್ದ ಒಂದನ್ನು ಸುಮ್ನೆ ಚಾಕುವಿನಿಂದ ಸೀಳಿ ನೋಡಿದ್ದೆ. ಈರುಳ್ಳಿಯ ಹಾಗೆ ಪದರಗಳು, ಒಂದು ಬೆಳ್ಳಗೆ, ಇನ್ನೊಂದು ಗಾಜಿನಂತೆ. ಹೊರಗೆ ಮಾವಿನಕಾಯಿಯೆಲ್ಲ ನೆಲದ ಪಾಲು! ಜುಲೈ ಜಡಿಮಳೆಯ ಮೋಡದಲ್ಲಿ ಗಾಳಿ ಇಷ್ಟು ಜೋರಾಗಿ ಮೇಲೇರುವುದಿಲ್ಲ, ಅದಕ್ಕೇ ಆಗ ಬರೀ ನೀರು.