ನೀರು ಕುಡಿಯಿರಿ ಎನ್ನುತ್ತೀರಿ, ಎಲ್ಲಿ ಕುಡಿಯಬೇಕು?

ನಿನ್ನೆ ಮಧ್ಯಾಹ್ನ ನಾನು ನಿಂತಿದ್ದ ಬೋಗಿಯಲ್ಲಿ ವಯಸ್ಸಾದ ಮಹಿಳೆಯೊಬ್ಬರು ಕಣ್ಣು ಕತ್ತಲಿಟ್ಟು ಕುಸಿದರು. ಕೆಳಗೆ ಬೀಳುವುದಕ್ಕೂ ಜಾಗವಿಲ್ಲದಷ್ಟು ಜನ ತುಂಬಿದ್ದರಿಂದ ಅವರು ಮೊದಲು ಪಕ್ಕದವರ ಭುಜಕ್ಕೆ ಒರಗಿ, ಅಲ್ಲಿಂದ ಮೆಲ್ಲಗೆ ಜಾರಿ, ಎಲ್ಲರ ಕಾಲುಗಳ ನಡುವೆ ಮುದುಡಿಕೊಂಡರು. ಯಾರೋ ಎದ್ದು ಸೀಟು ಬಿಟ್ಟುಕೊಟ್ಟರು, ಇನ್ಯಾರೋ ದಿನಪತ್ರಿಕೆ ಬೀಸಿ ಗಾಳಿ ಹಾಕಿದರು, ನಾನು ಅವರ ಕೈಚೀಲವನ್ನು ಎತ್ತಿಕೊಂಡೆ. ಆ ಚೀಲದಲ್ಲಿ ನೀರಿನ ಬಾಟಲಿ ಇತ್ತು. ಮನೆಯಿಂದ ತುಂಬಿಸಿಕೊಂಡು ತಂದದ್ದು ಕುತ್ತಿಗೆಯವರೆಗೂ ಹಾಗೆಯೇ ಇತ್ತು, ಒಂದು ಗುಟುಕೂ ಇಳಿದಿರಲಿಲ್ಲ. ಎಚ್ಚರವಾಗಿ, ಸ್ವಲ್ಪ ಕುಡಿದು ಸುಧಾರಿಸಿಕೊಂಡ ಮೇಲೆ, "ನೀರು ಇಟ್ಟುಕೊಂಡೂ ಯಾಕಮ್ಮ ಕುಡಿಯಲಿಲ್ಲ?" ಎಂದು ಕೇಳಿದೆ. "ಒಳಗೆ ಕುಡಿಯಬಾರದು ಅಂತ ಬರೆದಿದ್ದಾರಲ್ಲಪ್ಪ. ಕುಡಿದರೂ ಆಮೇಲೆ ಎಲ್ಲಿಗೆ ಹೋಗಲಿ?" ಎಂದರು.

ತಲೆಯೆತ್ತಿ ನೋಡಿದರೆ, ಬಾಗಿಲಿನ ಮೇಲೆ ಲೋಟದ ಚಿತ್ರಕ್ಕೆ ಕೆಂಪು ಗೆರೆ ಎಳೆದ ಫಲಕವಿತ್ತು. ಅದರ ಪಕ್ಕದ ಧ್ವನಿವರ್ಧಕದಿಂದಲೇ ಹತ್ತು ನಿಮಿಷಕ್ಕೊಮ್ಮೆ, ಬಿಸಿಲಿನ ತಾಪ ಹೆಚ್ಚಿರುವುದರಿಂದ ಪ್ರಯಾಣಿಕರು ಸಾಕಷ್ಟು ನೀರು ಕುಡಿಯಬೇಕು ಎಂಬ ಪ್ರಕಟಣೆ ಬರುತ್ತಿತ್ತು. ಎರಡನ್ನೂ ಹೊರಡಿಸಿದ್ದು ಒಂದೇ ಆಡಳಿತ. ಕುಡಿಯಿರಿ ಎಂದವರೇ ಕುಡಿಯಬಾರದು ಎಂದೂ ಬರೆದಿದ್ದಾರೆ, ಕುಡಿಯದೆ ಒಬ್ಬರು ನೆಲಕ್ಕೆ ಬಿದ್ದರೆ ಅದು ಅವರದೇ ಅಜಾಗರೂಕತೆ ಎಂದು ಕೈತೊಳೆದುಕೊಳ್ಳುತ್ತಾರೆ. ನಿನ್ನೆಯಿಂದ ನನ್ನ ಸಿಟ್ಟು ಇಳಿದಿಲ್ಲ.

ತುಂಬಿದ ವಾಹನದೊಳಗಿನ ಸೆಕೆ ಹೊರಗಿನ ಬಿಸಿಲಿನಂಥದ್ದಲ್ಲ, ಅದಕ್ಕಿಂತ ಕೆಟ್ಟದ್ದು ಎಂಬುದು ದಿನವೂ ಓಡಾಡುವವರಿಗೆಲ್ಲ ಗೊತ್ತಿರುವ ವಿಷಯ. ಸುಮ್ಮನೆ ಕುಳಿತ ಒಬ್ಬ ವಯಸ್ಕನ ದೇಹವೇ ಸುಮಾರು 100 ವ್ಯಾಟ್ ಶಾಖವನ್ನು ಹೊರಹಾಕುತ್ತಿರುತ್ತದೆ. ಒಂದು ಬೋಗಿಯಲ್ಲಿ ನೂರು ಜನ ಒತ್ತೊತ್ತಾಗಿ ನಿಂತರೆ ಅದು 10 ಕಿಲೋವ್ಯಾಟ್ ಆಯಿತು, ಅಂದರೆ ಆ ಧಗೆಯ ಮಧ್ಯಾಹ್ನದಲ್ಲಿ ಹತ್ತು ವಿದ್ಯುತ್ ಹೀಟರುಗಳನ್ನು ಒಟ್ಟಿಗೆ ಹಚ್ಚಿಟ್ಟ ಹಾಗೆ. ಗಾಜಿನ ಮೂಲಕ ಬರುವ ಬಿಸಿಲು, ಕಾದ ತಗಡಿನ ಚಾವಣಿಯ ಕಾವು ಇವೆಲ್ಲ ಬೇರೆ. ಗಾಳಿಯ ಬಿಸಿ ಚರ್ಮದ ಬಿಸಿಯನ್ನು, ಅಂದರೆ ಸುಮಾರು 35 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿದ ಮೇಲೆ ದೇಹ ತಂಪಾಗಲು ಉಳಿಯುವ ದಾರಿ ಬೆವರು ಆವಿಯಾಗುವುದೊಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಅಷ್ಟು ಜನರ ಉಸಿರಿನ ತೇವದಲ್ಲಿ, ಗಾಳಿಯೇ ಆಡದ ಜಾಗದಲ್ಲಿ, ಬೆವರು ಆವಿಯಾಗದೆ ಬೆನ್ನಿನ ಮೇಲೆ ಸುಮ್ಮನೆ ಹರಿದು ಬಟ್ಟೆಗೆ ಇಂಗುತ್ತದೆ. ದೇಹದ ನೀರು ಹೋಗಿದ್ದಷ್ಟೇ ಬಂತು, ತಂಪು ಮಾತ್ರ ಸಿಗಲಿಲ್ಲ.

ಹೀಗೆ ಹೋಗುವ ನೀರು ಕಡಿಮೆಯದೇನಲ್ಲ. ಬಿಸಿಲಲ್ಲಿ ನಡೆದು ಬಂದು, ಅರ್ಧ ಗಂಟೆ ಕಾದು, ಮತ್ತೆ ಧಗೆಯಲ್ಲಿ ನಿಂತವರು ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಬೆವರಬಲ್ಲರು. ದೇಹದ ತೂಕದ ಶೇಕಡಾ 2ರಷ್ಟು ನೀರು ಹೋದರೆ ಸಾಕು, ಗಮನ ಚದುರುತ್ತದೆ, ತಲೆ ನೋಯುತ್ತದೆ, ಸುಸ್ತು ಆವರಿಸುತ್ತದೆ. 60 ಕಿಲೋ ತೂಕದವರಿಗೆ ಅದು ಬರೀ 1.2 ಲೀಟರ್. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುವುದರಿಂದ, ನೀರು ಬೇಕು ಎಂದು ಅನ್ನಿಸುವ ಹೊತ್ತಿಗೆ ಹಿರಿಯರ ದೇಹ ಆಗಲೇ ಸೋತಿರುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರ ಪಾಡು ಇನ್ನೂ ಕಷ್ಟ. ಇಂಥವರನ್ನು ನಿಲ್ಲಿಸಿಯೇ ಒಯ್ದರೆ, ಸೆಕೆಗೆ ಹಿಗ್ಗಿದ ರಕ್ತನಾಳಗಳಲ್ಲಿ ರಕ್ತ ಕಾಲುಗಳ ಕಡೆಗೆ ಇಳಿದು ನಿಂತು, ಮಿದುಳಿಗೆ ಸಾಲದೆ ಹೋಗಿ, ನಿನ್ನೆ ಆ ತಾಯಿಗೆ ಆದದ್ದೇ ಆಗುತ್ತದೆ.

ಕುಡಿಯಬಾರದೆಂಬ ನಿಯಮಕ್ಕೆ ಕೊಡುವ ಕಾರಣ ನನಗೆ ಗೊತ್ತು. ಸಕ್ಕರೆಯ ಪಾನೀಯ ಚೆಲ್ಲಿದರೆ ನೆಲ ಅಂಟುತ್ತದೆ, ಇರುವೆ ಬರುತ್ತದೆ, ಬಿಸಿ ಕಾಫಿ ಪಕ್ಕದವರ ಮೈಮೇಲೆ ಬಿದ್ದರೆ ಸುಡುತ್ತದೆ. ಒಪ್ಪಿದೆ. ಆದರೆ ಮುಚ್ಚಳವಿರುವ ಬಾಟಲಿಯ ಬರಿಯ ನೀರಿನಿಂದ ಯಾವ ಸೀಟು ಹಾಳಾಗುತ್ತದೆ? ನೀರು ಚೆಲ್ಲಿದರೆ ಒಣಗುತ್ತದೆ. ಕಾಫಿಗೂ ನೀರಿಗೂ ವ್ಯತ್ಯಾಸ ಮಾಡಿ "ನೀರಿಗೆ ಅಡ್ಡಿಯಿಲ್ಲ" ಎಂಬ ಎರಡು ಪದಗಳನ್ನು ಅದೇ ಫಲಕದಲ್ಲಿ ಸೇರಿಸಲು ಎಷ್ಟು ಖರ್ಚಾದೀತು? ಸಿಬ್ಬಂದಿ ನೀರು ಕುಡಿದವರನ್ನು ಸಾಮಾನ್ಯವಾಗಿ ಗದರಿಸುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಅದು ನನಗೂ ಗೊತ್ತು, ಆ ತಾಯಿಗೆ ಗೊತ್ತಿರಲಿಲ್ಲ. ನಿಯಮವನ್ನು ಅಕ್ಷರಶಃ ಪಾಲಿಸುವ ಸಂಕೋಚದ ಜೀವಗಳೇ ಇಂಥ ಬರಹಕ್ಕೆ ಮೊದಲು ಬಲಿಯಾಗುವುದು.

ಇನ್ನು ಕುಡಿಯಲು ಧೈರ್ಯ ಮಾಡಿದವರ ಸ್ಥಿತಿಯನ್ನಾದರೂ ನೋಡಿ. ಒಂದು ಕೈ ಮೇಲಿನ ಕಂಬಿಯನ್ನು ಹಿಡಿದಿದೆ, ಇನ್ನೊಂದು ಕೈಯಲ್ಲಿ ಚೀಲವಿದೆ. ಬಾಟಲಿಯ ಮುಚ್ಚಳ ತಿರುಗಿಸುವುದಕ್ಕೆ ಎರಡು ಕೈ ಬೇಕು. ಕಂಬಿಯನ್ನು ಬಿಟ್ಟರೆ ಮುಂದಿನ ಬ್ರೇಕಿಗೆ ಎದುರಿನವರ ಮೇಲೆ ಬೀಳುತ್ತೇವೆ, ಚೀಲವನ್ನು ಕೆಳಗಿಟ್ಟರೆ ತುಳಿತಕ್ಕೆ ಸಿಗುತ್ತದೆ. ನಾನು ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದದ್ದೂ ಇದೆ, ಬಾಟಲಿಯನ್ನು ಬಾಯಿಗೆ ಎತ್ತಲು ಮೊಣಕೈ ಮಡಚುವಷ್ಟು ಜಾಗವಿಲ್ಲದೆ ಹಾಗೆಯೇ ಮುಚ್ಚಿಟ್ಟುಕೊಂಡದ್ದೂ ಇದೆ. ಬೇಸಿಗೆಯಲ್ಲಿ ವಾಹನಗಳ ಸಂಖ್ಯೆ ಹೆಚ್ಚಿಸಿ ಎಂದು ಕೇಳಿದರೆ ಅದು ಸುಖದ ಬೇಡಿಕೆ ಎಂದುಕೊಳ್ಳುತ್ತಾರೆ. ಒಂದು ಗುಟುಕು ನೀರು ಕುಡಿಯುವಷ್ಟು ಜಾಗ ಕೇಳುವುದು ಸುಖದ ಮಾತಲ್ಲ.

ನಿಲ್ದಾಣದ ನಲ್ಲಿಗಳ ಬಗ್ಗೆ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಇದ್ದರೆ ಬಿಸಿಲು ಬೀಳುವ ಕಡೆ ಇರುತ್ತವೆ, ತಿರುಗಿಸಿದರೆ ಕುದಿಯುವಂಥ ನೀರು ಬರುತ್ತದೆ, ಇಲ್ಲವಾದರೆ ದುರಸ್ತಿಯ ಚೀಟಿ ಅಂಟಿಸಿಕೊಂಡು ತಿಂಗಳುಗಟ್ಟಲೆ ಒಣಗಿ ನಿಂತಿರುತ್ತವೆ. ಮಾರಾಟದ ಬಾಟಲಿ ಮಾತ್ರ ಯಾವತ್ತೂ ದುರಸ್ತಿಗೆ ಹೋಗುವುದಿಲ್ಲ.

ನನ್ನನ್ನು ಹೆಚ್ಚು ಕೆರಳಿಸಿದ್ದು ಆ ತಾಯಿಯ ಎರಡನೆಯ ಮಾತು. ಶೌಚಾಲಯವಿಲ್ಲದ ದಾರಿಯಲ್ಲಿ ನೀರು ಕುಡಿಯುವುದಕ್ಕೆ ಹೆದರುವುದನ್ನು ನಮ್ಮ ಮನೆಯ ಹೆಂಗಸರೆಲ್ಲ ಕಲಿತೇ ಬೆಳೆದಿದ್ದಾರೆ. ನನ್ನ ಅಕ್ಕ ದೂರದ ಪ್ರಯಾಣವಿದ್ದರೆ ಬೆಳಗಿನಿಂದಲೇ ನೀರು ನಿಲ್ಲಿಸುತ್ತಾಳೆ. ಇಳಿದು ಮನೆ ಸೇರಿದ ಮೇಲೆ ಅಡುಗೆಮನೆಯಲ್ಲಿ ನಿಂತು ಒಂದೇ ಉಸಿರಿಗೆ ಎರಡು ಲೋಟ ಕುಡಿಯುತ್ತಾಳೆ, ಆಗ ಅವಳ ತುಟಿ ಬಿರುಕು ಬಿಟ್ಟಿರುತ್ತದೆ. ಇದು ಅವಳೊಬ್ಬಳ ಅಭ್ಯಾಸವಲ್ಲ. ಗರ್ಭಿಣಿಯರು, ಮುಟ್ಟಿನ ದಿನಗಳಲ್ಲಿರುವವರು, ಸಕ್ಕರೆ ಕಾಯಿಲೆಯವರು, ಮೂತ್ರವನ್ನು ಹೆಚ್ಚು ಹೊತ್ತು ತಡೆಯಲಾಗದ ಹಿರಿಯರು ಎಲ್ಲರೂ ಮನಸ್ಸಿನಲ್ಲಿ ಇದೇ ಲೆಕ್ಕ ಹಾಕುತ್ತಾರೆ. ನೀರು ಕಡಿಮೆ ಕುಡಿದು ಮೂತ್ರ ಕಟ್ಟಿಕೊಂಡರೆ ಮೂತ್ರಕೋಶದ ಸೋಂಕು, ಮೂತ್ರಪಿಂಡದ ಕಲ್ಲು ಮುಂತಾದ ತೊಂದರೆಗಳು ಹೆಚ್ಚುತ್ತವೆ ಎಂದು ವೈದ್ಯರು ಎಷ್ಟು ಸಲ ಹೇಳಿಲ್ಲ! ಸುರಕ್ಷಿತ ಕುಡಿಯುವ ನೀರು ಮತ್ತು ನೈರ್ಮಲ್ಯ ಎರಡನ್ನೂ ಒಂದೇ ನಿರ್ಣಯದಲ್ಲಿ ಮಾನವ ಹಕ್ಕು ಎಂದು ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈ 28ರಂದೇ ಒಪ್ಪಿಕೊಂಡಿತು. ಎರಡೂ ಒಂದೇ ನಿರ್ಣಯದಲ್ಲಿ ಬಂದದ್ದು ಸರಿಯಾಗಿಯೇ ಇದೆ, ಏಕೆಂದರೆ ಒಂದಿಲ್ಲದೆ ಇನ್ನೊಂದನ್ನು ಬಳಸಲು ಆಗುವುದಿಲ್ಲ. ಬೀಗ ಹಾಕಿದ ಶೌಚಾಲಯದ ಮುಂದೆ ನಿಂತು ಹೆಚ್ಚು ನೀರು ಕುಡಿಯಿರಿ ಎಂದು ಸಲಹೆ ನೀಡುವವರಿಗೆ ಇದು ಹೊಳೆಯುವುದಿಲ್ಲವೇ?

ವಾಹನ ಕೆಟ್ಟು ನಿಂತಾಗ ಇದೆಲ್ಲ ಜೀವಕ್ಕೇ ಬರುತ್ತದೆ. ಕಳೆದ ಬೇಸಿಗೆಯಲ್ಲಿ ಎರಡು ನಿಲ್ದಾಣಗಳ ನಡುವೆ ನಾವು ಮುಕ್ಕಾಲು ಗಂಟೆ ಸಿಲುಕಿದ್ದೆವು. ಹವಾನಿಯಂತ್ರಣ ನಿಂತಿತು, ಬಾಗಿಲು ತೆರೆಯಲಿಲ್ಲ, ಕಿಟಕಿಗಳು ತೆರೆಯುವಂಥವಾಗಿರಲಿಲ್ಲ. ಎದುರಿನ ಮಗುವಿನ ಕೆನ್ನೆ ಕೆಂಡದಂತಾಗಿತ್ತು. ಅದರ ತಾಯಿ ದುಪಟ್ಟಾ ಒದ್ದೆ ಮಾಡಲು ನೀರು ಕೇಳಿದಾಗ ಆರೇಳು ಜನ ತಮ್ಮ ಬಾಟಲಿಗಳನ್ನು ಮುಂದೆ ಚಾಚಿದರು. ದೇಹದ ಒಳಬಿಸಿ 40 ಡಿಗ್ರಿ ಮುಟ್ಟಿ ಮಾತು ತೊದಲತೊಡಗಿದರೆ ಅದು ಉಷ್ಣಾಘಾತ, ಮೈಯನ್ನು ತಕ್ಷಣ ತಣ್ಣಗೆ ಮಾಡಬೇಕು, ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಸುರಿಯಬಾರದು. ಇದನ್ನು ಆ ಹೊತ್ತಿನಲ್ಲಿ ಹೇಳಲು ಆ ಬೋಗಿಯಲ್ಲಿ ಒಬ್ಬ ಸಿಬ್ಬಂದಿಯೂ ಇರಲಿಲ್ಲ, ಧ್ವನಿವರ್ಧಕವೂ ಮೌನವಾಗಿತ್ತು. ಅಂದು ಯಾರಿಗೂ ಹೆಚ್ಚಿನದೇನೂ ಆಗದೇ ಹೋದದ್ದು ಸಹಪ್ರಯಾಣಿಕರ ಚೀಲಗಳಲ್ಲಿದ್ದ ನೀರಿನಿಂದ, ಆಡಳಿತದ ಸಿದ್ಧತೆಯಿಂದ ಅಲ್ಲ. ಅಂದ ಮೇಲೆ ಕೆಟ್ಟು ನಿಂತ ವಾಹನಕ್ಕೆ ನೀರು ತಲುಪಿಸುವುದು, ನಿಗದಿತ ನಿಮಿಷಗಳೊಳಗೆ ಬಾಗಿಲು ತೆರೆಯುವುದು ಯಾರ ಕೆಲಸ ಎಂದು ಬರೆದಿಟ್ಟ ನಿಯಮವೊಂದು ಇರಬೇಡವೇ? ಇದೇ ಕಾವಿನಲ್ಲಿ ದಿನಕ್ಕೆ ಎಂಟು ಗಂಟೆ ಎಂಜಿನ್ ಪಕ್ಕ ಕೂರುವ ಚಾಲಕರ ಗತಿಯನ್ನು ಯಾರೂ ಕೇಳುವುದಿಲ್ಲ, ಅವರ ಗಮನ ಚದುರಿದರೆ ನಾವೆಲ್ಲರೂ ಅದರ ಫಲ ಉಣ್ಣಬೇಕು.

ನಾನು ಲಿಖಿತ ದೂರು ಕೊಟ್ಟಿದ್ದೇನೆ. ಪ್ರಯಾಣಿಕರು ಸ್ವಂತ ನೀರು ತರಬೇಕು, ಬಿಸಿಲು ಹೆಚ್ಚಿರುವ ಹೊತ್ತಿನಲ್ಲಿ ಪ್ರಯಾಣ ಮುಂದೂಡಬೇಕು ಎಂಬ ಉತ್ತರ ಬಂದಿದೆ. ಮಧ್ಯಾಹ್ನದ ಪಾಳಿಗೆ ಹೋಗುವವರು, ಆಸ್ಪತ್ರೆಯಲ್ಲಿ ಸಮಯ ಗೊತ್ತುಮಾಡಿಕೊಂಡವರು, ಪರೀಕ್ಷೆ ಬರೆಯುವ ಮಕ್ಕಳು ಯಾವುದನ್ನು ಮುಂದೂಡಬೇಕು?

ಆ ತಾಯಿ ನಾನು ಇಳಿಯುವ ನಿಲ್ದಾಣದಲ್ಲೇ ಇಳಿದರು. ಕೈಹಿಡಿದು ನೆರಳಿನ ಬೆಂಚಿಗೆ ಕರೆದೊಯ್ದು, ಇನ್ನೂ ಸ್ವಲ್ಪ ಕುಡಿಯಿರಿ ಎಂದು ಬಾಟಲಿಯನ್ನು ಕೊಟ್ಟೆ. ಅವರು ಶೌಚಾಲಯದ ಬಾಗಿಲಿನ ಬೀಗವನ್ನೊಮ್ಮೆ ನೋಡಿದರು, ತುಟಿ ಒದ್ದೆಯಾಗುವಷ್ಟೇ ಕುಡಿದರು. "ಮನೆಗೆ ಇನ್ನೂ ಒಂದು ಬಸ್ಸು ಹತ್ತಬೇಕಪ್ಪ" ಎಂದು ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಬಾಟಲಿಯನ್ನು ಚೀಲದೊಳಗೆ ಇಟ್ಟುಕೊಂಡರು.