ಮೈಕ್ ಎಲ್ಲೈತ್ರಿ ಸಾರ್?

ಹೋದ ತಿಂಗಳು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಅವತ್ತಿನಿಂದ ಅದು ತಲೆಯಿಂದ ಇಳಿದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಪುರುಸೊತ್ತು ಮಾಡಿಕೊಂಡು ಓದಿ.

ನಾನು ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಸುತ್ತ ಕಾಲುವೆ ನೀರು, ಭತ್ತದ ಗದ್ದೆ. ಈ ಹುಡುಗಿಯ ಅವ್ವ ನಾಟಿ ಕೆಲಸಕ್ಕೆ ಹೋಗುತ್ತಾರೆ. ರಜೆ ಇದ್ದರೆ ಮಗಳೂ ಜೊತೆಗೆ. ಒಂದು ಸಂಜೆ ಬೈಕಿನಲ್ಲಿ ಬರುತ್ತಿದ್ದೆ. ಗದ್ದೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಹಾಡುತ್ತಿದ್ದರು. ಆದರೆ ರಸ್ತೆವರೆಗೆ ಬಂದಿದ್ದು ಅವಳೊಬ್ಬಳ ದನಿ. ನಡುವೆ ಮೂರು ಗದ್ದೆ, ಒಂದು ಕಾಲುವೆ, ಸಾಲದ್ದಕ್ಕೆ ಕೆಸರು ಹೊಡೆಯುತ್ತಿದ್ದ ಟ್ರ್ಯಾಕ್ಟರ್. ಅವಳು ಕಿರುಚುತ್ತಿರಲಿಲ್ಲ. ಬಾಗಿಕೊಂಡೇ, ಸಸಿ ಊರುತ್ತಲೇ ಹಾಡುತ್ತಿದ್ದಳು. ಬೈಕ್ ನಿಲ್ಲಿಸಿಬಿಟ್ಟೆ.

ಆ ವಾರ ಒಂದು ಖಾಲಿ ಪೀರಿಯಡ್ ಸಿಕ್ಕಿತು. ಮಕ್ಕಳಿಗೆ ಫೋನಿನಲ್ಲಿ ಒಂದು ಒಪೆರಾ ಹಾಡು ತೋರಿಸಿದೆ. ಒಪೆರಾ ಅಂದರೆ ಕಥೆಯನ್ನು ಹಾಡಿನಲ್ಲೇ ನಡೆಸುವ ಯುರೋಪಿನ ನಾಟಕ. ಇಬ್ಬರು ಹೆಂಗಸರು, ದೊಡ್ಡ ರಂಗ, ಕೆಳಗೆ ವಾದ್ಯಮೇಳ. ಮೊದಲು ಎಲ್ಲರೂ ನಕ್ಕರು. ಇವಳು ನಗಲಿಲ್ಲ. ಮುಗಿದ ಮೇಲೆ ಮೇಜಿನ ಹತ್ತಿರ ಬಂದು, ‘ಮೈಕ್ ಎಲ್ಲೈತ್ರಿ ಸಾರ್?’ ಅಂದಳು.

ಇಲ್ಲಮ್ಮ, ಅಲ್ಲಿ ಮೈಕ್ ಇಲ್ಲದೇ ಹಾಡುತ್ತಾರೆ ಅಂದೆ. ‘ಮತ್ತೆ ಅಷ್ಟು ಮಂದಿಗೆ ಹೆಂಗ್ ಕೇಳಿಸ್ತೈತ್ರಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋಗುವಾಗ ಬಾಗಿಲಲ್ಲಿ ತಿರುಗಿ, ‘ಆಕಿ ಮಲ್ಲಿಕಾ ಅಂತ ಕರೀತಾಳ್ರಿ ಸಾರ್, ನಾ ಕೇಳಿಸ್ಕೊಂಡೆ’ ಅಂದಳು.

ಅವಳಿಗೆ ಕೇಳಿಸಿದ್ದು ಸರಿಯೇ. ಅದು ‘ಲಾಕ್ಮೆ’ ಅನ್ನುವ ಒಪೆರಾದ ಹಾಡು. ಫ್ರಾನ್ಸಿನ ಲಿಯೋ ದೆಲೀಬ್ ಸಂಗೀತ ಕಟ್ಟಿದ್ದು, 1883ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಆಡಿದ್ದು. ಕಥೆ ನಡೆಯುವುದು ನಮ್ಮ ದೇಶದಲ್ಲಿ. ಪುರೋಹಿತರ ಮಗಳು ಲಾಕ್ಮೆ, ಅವಳ ಸೇವಕಿ ಮಲ್ಲಿಕಾ, ಇಬ್ಬರೂ ಹೊಳೆ ದಂಡೆಗೆ ಹೂ ತರಲು ಹೊರಟಿರುತ್ತಾರೆ. ಹಾಡಿನೊಳಗೆ ಮಲ್ಲಿಗೆಯೂ ಇದೆ, ಗುಲಾಬಿಯೂ ಇದೆ. ಗೊತ್ತಿಲ್ಲದ ಭಾಷೆಯ ಹಾಡಿನಲ್ಲಿ ಗೊತ್ತಿರುವ ಹೆಸರೊಂದನ್ನು ಹಿಡಿದ ಆ ಕಿವಿ ನೋಡಿ.

ನಾನು ಆ ಹಾಡನ್ನೇ ಆರಿಸಿದ್ದಕ್ಕೆ ಕಾರಣ ಇತ್ತು. ದಕ್ಷಿಣ ಆಫ್ರಿಕಾದ ಸಣ್ಣ ಊರೊಂದರ ಹುಡುಗಿ ಪ್ರಿಟಿ ಯೆಂಡೆ. 16 ವರ್ಷದವಳಿದ್ದಾಗ ಮನೆಯ ಟಿವಿಯಲ್ಲಿ ಬ್ರಿಟಿಷ್ ಏರ್‌ವೇಸ್ ಜಾಹೀರಾತು ಬಂತು. ಹಿನ್ನೆಲೆಯಲ್ಲಿ ಇದೇ ಹಾಡು, ಕೆಲವೇ ಸೆಕೆಂಡು. ಅಕೌಂಟೆಂಟ್ ಆಗಬೇಕು ಅಂದುಕೊಂಡಿದ್ದ ಹುಡುಗಿ ಅವಳು. ಮರುದಿನ ಶಾಲೆಯಲ್ಲಿ ಮೇಷ್ಟ್ರನ್ನು ಕೇಳಿದಳು, ಅದೇನದು ಅಂತ. ಅದಕ್ಕೆ ಒಪೆರಾ ಅನ್ನುತ್ತಾರೆ ಅಂದರು ಮೇಷ್ಟ್ರು. ಅಲ್ಲಿಂದ ಕೇಪ್‌ಟೌನ್ ವಿಶ್ವವಿದ್ಯಾಲಯ, ಇಟಲಿಯ ಹೆಸರಾಂತ ಒಪೆರಾ ರಂಗಮಂದಿರ ಲಾ ಸ್ಕಾಲಾ. 2013ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊದಲ ಸಲ ಹಾಡಿದರು. ಮೊದಲ ರಾತ್ರಿ ರಂಗಕ್ಕೆ ಬರುವಾಗಲೇ ಎಡವಿ ಬಿದ್ದರು, ಎದ್ದು ಹಾಡಿದರು. 2023ರಲ್ಲಿ ಲಂಡನ್ನಿನಲ್ಲಿ ರಾಜ ಚಾರ್ಲ್ಸ್ ಪಟ್ಟಾಭಿಷೇಕದಲ್ಲೂ ಹಾಡಿದರು.

ಈ ಕಥೆ ಹೇಳುವವರೆಲ್ಲ ಜಾಹೀರಾತಿನ ಬಗ್ಗೆ ಹೇಳುತ್ತಾರೆ. ನನಗೆ ಕಾಣುವುದು ಆ ಮೇಷ್ಟ್ರು. ಅವರು ‘ಗೊತ್ತಿಲ್ಲ, ಹೋಗಿ ಓದ್ಕೋ’ ಅಂದಿದ್ದರೆ?

ಇದನ್ನು ಕೇಳಲು ನನಗೆ ಕಾರಣ ಇದೆ. ಹನ್ನೊಂದು ವರ್ಷದ ಹಿಂದೆ ಬೇರೆ ಊರಿನ ಶಾಲೆಯಲ್ಲಿದ್ದೆ. ಅಲ್ಲೊಬ್ಬ ಹುಡುಗನಿದ್ದ. ಪ್ರಾರ್ಥನೆಗೆ ನಿಂತರೆ ಊರ ಬಾಗಿಲಿನವರೆಗೆ ದನಿ ಹೋಗುತ್ತಿತ್ತು. ಅವನ ಅಪ್ಪ ಒಂದಿನ ಬಂದು, ‘ಇವನಿಗೆ ಹಾಡೋದಂದ್ರೆ ಜೀವ, ಏನ್ ಮಾಡ್ಸಬೇಕ್ರಿ ಮೇಷ್ಟ್ರೇ?’ ಅಂದರು. ಮೊದಲು ಎಸ್ಸೆಸ್ಸೆಲ್ಸಿ ಮುಗೀಲಿ, ಆಮೇಲೆ ನೋಡೋಣ ಅಂದೆ. ಆಮೇಲೆ ಯಾರೂ ನೋಡಲಿಲ್ಲ. ಈಗ ಅವನು ಲಾರಿ ಓಡಿಸುತ್ತಾನೆ. ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ಹೋದ ವರ್ಷ ಸಿಕ್ಕಾಗ ಹಾಡ್ತೀಯೇನೋ ಅಂದರೆ, ‘ಎಲ್ಲಿ ಸಾರ್’ ಅಂದ. ಆ ಎರಡು ಮಾತು ಇವತ್ತಿಗೂ ಚುಚ್ಚುತ್ತವೆ.

ನಾನು ಕೆಲಸ ಮಾಡಿದ ಮೂರು ಶಾಲೆಗಳಲ್ಲಿ ಒಂದರಲ್ಲೂ ಸಂಗೀತದ ಮೇಷ್ಟ್ರು ಇರಲಿಲ್ಲ. ಚೆನ್ನಾಗಿ ಹಾಡುವ ಮಗು ಸಿಕ್ಕರೆ ನಮಗೆಲ್ಲ ಹೊಳೆಯುವ ದಾರಿ ಒಂದೇ, ಟಿವಿ ರಿಯಾಲಿಟಿ ಶೋ. ಅಲ್ಲಿ ಹಾಡಿ ಬೆಳೆದವರ ಬಗ್ಗೆ ಗೌರವ ಇದೆ. ಆದರೆ ಹತ್ತು ವರ್ಷ ಕೂತು ಕಲಿಯಬೇಕಾದ ಮಗುವನ್ನು ಹತ್ತು ವಾರದಲ್ಲಿ ಗೆಲ್ಲು ಇಲ್ಲವೇ ಮನೆಗೆ ಹೋಗು ಅನ್ನುವುದು ಸರಿಯಲ್ಲ. ಗಂಟಲು ಇನ್ನೂ ಬಲಿಯುತ್ತಿರುತ್ತದೆ. ಒಪೆರಾದಲ್ಲಂತೂ ದನಿ ಪಕ್ವವಾಗುವುದೇ ತಡ. ಹದಿನೇಳು ಹದಿನೆಂಟಕ್ಕೆ ಗಟ್ಟಿ ಕಲಿಕೆ ಶುರು ಮಾಡಿದವರು ಎಷ್ಟೋ ಜನ. ದೊಡ್ಡ ಪಾತ್ರ ಸಿಗುವಷ್ಟರಲ್ಲಿ ಮೂವತ್ತು ಹತ್ತಿರ ಬಂದಿರುತ್ತದೆ.

ಇನ್ನು ಮೈಕ್ ವಿಷಯ. ಹುಡುಕಿ ಓದಿದೆ. ಮೆಟ್ರೊಪಾಲಿಟನ್‌ನಲ್ಲಿ 3,800ರ ಆಸುಪಾಸು ಸೀಟುಗಳಿವೆ. ಕೊನೇ ಸಾಲಿಗೂ ದನಿ ಹೋಗಬೇಕು, ಅದೂ ವಾದ್ಯಮೇಳ ದಾಟಿ. ವಾದ್ಯಮೇಳದ ಶಬ್ದಕ್ಕೆ ಹೆಚ್ಚು ಬಲ ಇರುವುದು 500 ಹರ್ಟ್ಸ್, ಅಂದರೆ ಸೆಕೆಂಡಿಗೆ 500 ಕಂಪನದ ಸುತ್ತಮುತ್ತ. ಪಳಗಿದ ಗಾಯಕರು, ಅದರಲ್ಲೂ ಗಂಡಸರು, ಗಂಟಲನ್ನು ಹದ ಮಾಡಿಕೊಂಡು 3,000 ಹರ್ಟ್ಸ್ ಹತ್ತಿರ ದನಿಗೆ ಕಸುವು ತುಂಬುತ್ತಾರೆ. ಅಲ್ಲಿ ವಾದ್ಯಗಳ ಸದ್ದು ಕಡಿಮೆ, ನಮ್ಮ ಕಿವಿ ಚುರುಕು. ಹೆಣ್ಣುಮಕ್ಕಳ ಮೇಲಿನ ಸ್ವರಗಳು ತಾವಾಗೇ ಎತ್ತರದಲ್ಲಿರುವುದರಿಂದ ಕೇಳುತ್ತವೆ. ಇದರ ಕೆಳಗೆ ವರ್ಷಗಟ್ಟಲೆ ಉಸಿರಿನ ಸಾಧನೆ ಇರುತ್ತದೆ.

ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಬಯಲಾಟದಲ್ಲಿ ಇಪ್ಪತ್ತು ವರ್ಷ ದುರ್ಯೋಧನನ ಪಾತ್ರ ಮಾಡಿದವರು. ಕಿರೀಟ, ಭುಜಕೀರ್ತಿ ಹೊತ್ತು, ರಾತ್ರಿಯಿಡೀ ಹಾಡಿ ಕುಣಿದವರು. ‘ನಮಗೆ ಎಲ್ಲಿತ್ತೋ ಮೈಕು?’ ಅಂದರು. ‘ಕೂಗಿದ್ರೆ ಒಂದು ತಾಸಿಗೆ ಗಂಟಲು ಕಟ್ತೈತಿ. ದನಿ ಹೊಟ್ಟಿಯಿಂದ ಎಬ್ಬಿಸಿ ಮುಂದಕ್ಕೆ ಎಸೀಬೇಕು.’ ಅವರ ತಾಲೀಮು ನಡೆಯುತ್ತಿದ್ದದ್ದು ಕಾಲುವೆ ದಂಡೆಯ ಮೇಲೆ.

ಒಪೆರಾ ಬೇರೆ, ಬಯಲಾಟ ಬೇರೆ, ನಿಜ. ಒಪೆರಾಕ್ಕೆ ಬರೆದಿಟ್ಟ ಸ್ವರಲಿಪಿ, ಇಟಾಲಿಯನ್, ಫ್ರೆಂಚ್, ಜರ್ಮನ್ ಕಲಿಕೆ ಎಲ್ಲ ಬೇಕು. ಆದರೂ ವೇಷ ಕಟ್ಟಿ, ಕಥೆಯನ್ನು ಹಾಡಿನಲ್ಲೇ ನಡೆಸುವುದು ನಮ್ಮ ಜನಕ್ಕೆ ಹೊಸದೇ? ದೂರದ ದಾರಿ ಹಿಡಿದು ರಂಗಕ್ಕೆ ಬಂದವರೂ ಹೊಸಬರಲ್ಲ. ಇದೇ ಜಿಲ್ಲೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಮನೆ ಬಿಟ್ಟು, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯವರ ಜೊತೆ ಕುಣಿಯುತ್ತಾ ಬೆಳೆದು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರ ರಂಗಗೀತೆ ಕೇಳಿದವರು ಇಲ್ಲಿ ಎಷ್ಟು ಜನ ಇದ್ದೀರಿ! 2020ರಲ್ಲಿ ಅವರು ಹೋದಾಗ ಅಪ್ಪ ಅವತ್ತು ಊಟ ಮಾಡಲಿಲ್ಲ.

ಹುಡುಗಿಯ ಅವ್ವನ ಜೊತೆ ಮಾತಾಡಿದೆ. ‘ಇದ್ರಿಂದ ಹೊಟ್ಟಿ ತುಂಬ್ತೈತೇನ್ರಿ ಸಾರ್?’ ಅಂದರು. ಸುಳ್ಳು ಹೇಳಲಿಲ್ಲ. ಗ್ಯಾರಂಟಿ ಇಲ್ಲಮ್ಮ, ಓದು ಬಿಡಿಸುವುದಿಲ್ಲ ಅಂದೆ. ಮುಂಬೈಯಲ್ಲಿ ಹುಟ್ಟಿದ ಒಪೆರಾ ಗಾಯಕಿ ಪೆಟ್ರೀಷಿಯಾ ರೊಜಾರಿಯೊ ಲಂಡನ್ನಿನಲ್ಲಿ ಹೆಸರು ಮಾಡಿ, ಇಲ್ಲಿನ ಮಕ್ಕಳಿಗೆ ಹೇಳಿಕೊಡಲು ಬರುತ್ತಿದ್ದಾರೆ ಅನ್ನುವುದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಭಾನುವಾರ ಕೂಲಿ ಇರಂಗಿಲ್ಲ, ಕಳಿಸ್ತೀನಿ’ ಅಂದರು.

ಈಗ ಭಾನುವಾರ ಬೆಳಗ್ಗೆ ಆರಕ್ಕೆ ಅಪ್ಪ ಕಾಲುವೆಯ ಆಚೆ ದಂಡೆಗೆ ಹೋಗಿ ನಿಲ್ಲುತ್ತಾರೆ. ಈಚೆ ದಂಡೆಯಲ್ಲಿ ಅವಳು, ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಅಪ್ಪನ ಹಳೇ ಮೇಳದ ಮಾಸ್ತರು. ಬರೀ ಸಾ, ಪಾ, ಉದ್ದಕ್ಕೆ. ಸ್ವರ ಸ್ಪಷ್ಟವಾಗಿ ಕೇಳಿದರೆ ಅಪ್ಪ ಕೈ ಎತ್ತುತ್ತಾರೆ, ಆಮೇಲೆ ಇನ್ನಷ್ಟು ಹಿಂದಕ್ಕೆ ನಡೆಯುತ್ತಾರೆ. ಮೊದಲ ವಾರ ದಂಡೆಯ ಅಂಚಿನಲ್ಲೇ ನಿಂತಿದ್ದರು. ಮೊನ್ನೆ ಬೇವಿನ ಮರದ ಹತ್ತಿರ ಹೋಗಿ ಕೈ ಎತ್ತಿದರು.