ಹತ್ತೊಂಬತ್ತನೇ ಗೇಟಿನ ಗಣಿತ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಸರಪಳಿ ಕಡಿದುಕೊಂಡು ಕೊಚ್ಚಿಹೋಯಿತು. ಮರುದಿನ ಗಂಗಾವತಿಯ ಚಹಾ ಅಂಗಡಿಯಲ್ಲಿ ಒಗ್ಗರಣೆ-ಮಿರ್ಚಿ ಮುಂದಿಟ್ಟುಕೊಂಡು ಕುಳಿತವರು ಭತ್ತದ ಗತಿ ಏನೆಂದು ಒಂದು ನಿಮಿಷ ಮರುಗಿದರು. ಎರಡನೇ ನಿಮಿಷಕ್ಕೆ ನಮ್ಮ ಮಟ್ಕಾ ಜೂಜಿನ ಅಂಕಿ ಪಂಡಿತರು ಗಂಟಲು ಸರಿಮಾಡಿಕೊಂಡರು: “19ಕ್ಕೆ ಹಚ್ಚಿರಿ. ತಿರುವಿ 91ಕ್ಕೂ ಹಚ್ಚಿರಿ. ತಾಯಿ ತುಂಗಭದ್ರೆ ಸುಮ್ಮನೆ ಸೂಚನೆ ಕೊಡುವವಳಲ್ಲ.” ಆ ರಾತ್ರಿ ಬಂದದ್ದು ಬೇರೆಯೇ ಅಂಕಿ. ಪಂಡಿತರ ಪ್ರಕಾರ ತಪ್ಪು ಗೇಟಿನದು.

ಮಟ್ಕಾ ಹುಟ್ಟಿದ್ದು ನ್ಯೂಯಾರ್ಕ್‌ನಿಂದ ಮುಂಬೈಗೆ ಬರುತ್ತಿದ್ದ ಹತ್ತಿಯ ದರದ ಮೇಲೆ ಬಾಜಿ ಕಟ್ಟುವುದರಿಂದ. ಈಗ ಹತ್ತಿಯೂ ಬೇಡ, ದರವೂ ಬೇಡ. ಸತ್ತವರ ವಯಸ್ಸು, ಬಿದ್ದ ಬೈಕಿನ ನಂಬರು, ಬಿಸಿಲಿನ ಡಿಗ್ರಿ, ಯಾವುದಾದರೂ ನಡೆಯುತ್ತದೆ. ಪೊಲೀಸರು ದಾಳಿ ಮಾಡಿದ ಮರುದಿನ 78ಕ್ಕೆ ಹಚ್ಚುವವರೂ ಇದ್ದಾರೆ, ಏಕೆಂದರೆ ಪ್ರಕರಣ ದಾಖಲಾಗುವುದು ಕರ್ನಾಟಕ ಪೊಲೀಸ್ ಕಾಯ್ದೆಯ 78ನೇ ಕಲಮಿನಡಿ! ಕಾನೂನಿಗೆ ಇಷ್ಟು ಗೌರವ ಕೊಡುವ ಜನ ಬೇರೆಲ್ಲಾದರೂ ಇದ್ದರೆ ತೋರಿಸಿ.

ಬಾಜಿಯ ಚೀಟಿ ಬರೆದುಕೊಳ್ಳುವವನು ಪಾಪ, ಏನನ್ನೂ ಮುಚ್ಚಿಡುವುದಿಲ್ಲ. ಜೋಡಿ ಬಂದರೆ ಒಂದು ರೂಪಾಯಿಗೆ 80 ಎಂದು ಬಾಯಿಬಿಟ್ಟು ಹೇಳುತ್ತಾನೆ. 00ಯಿಂದ 99ರವರೆಗೆ ಜೋಡಿಗಳು ನೂರು. ಅಂಕಿ ತೆಗೆಯುವ ಇಸ್ಪೀಟಿನ ಎಲೆಗಳನ್ನು ನ್ಯಾಯವಾಗಿ ಎತ್ತಿದರೂ ನಿಮ್ಮದು ಬರುವುದು ನೂರರಲ್ಲಿ ಒಂದು ಪಾಲು. ಸೋಲೇ ಬೇಡ ಎನ್ನುವವರಿಗೂ ದಾರಿಯುಂಟು: ನೂರು ಜೋಡಿಗೂ ಒಂದೊಂದು ರೂಪಾಯಿ ಹಚ್ಚಿ, 100 ಕೊಟ್ಟು 80 ಗೆದ್ದು, ಪಟಾಕಿಯನ್ನೂ ಹಚ್ಚಬಹುದು.

ಪಂಡಿತರ ಮಹಾಸಿದ್ಧಾಂತ ಇನ್ನೊಂದಿದೆ. “ನೂರು ದಿನದಿಂದ 45 ಬಂದಿಲ್ಲ, ಇಂದು ಬಂದೇ ಬರುತ್ತದೆ.” ಇಸ್ಪೀಟಿನ ಎಲೆಗೆ ನಿನ್ನೆಯದು ನೆನಪಿರುತ್ತದೆಯೇ ಎಂದು ಕೇಳಿದೆ. ಉತ್ತರ ಬರಲಿಲ್ಲ. ಹತ್ತನೇ ತರಗತಿಗೆ ಸಂಭವನೀಯತೆ ಕಲಿಸುವ ಮಾಸ್ತರನ ಚಟ, ಅಷ್ಟಕ್ಕೇ ಬಿಡಲಾಗಲಿಲ್ಲ. ಒಂದು ಜೋಡಿ ಒಂದು ದಿನ ಬಾರದಿರುವ ಸಾಧ್ಯತೆ 0.99. ನೂರು 0.99ಗಳನ್ನು ಒಂದಕ್ಕೊಂದು ಗುಣಿಸಿದರೆ, ಅದು ನೂರು ದಿನ ಮುಖ ತೋರಿಸದಿರುವ ಸಾಧ್ಯತೆ ಸುಮಾರು ಶೇ 37, ಬೆರಗುಪಡುವಂಥದ್ದೇನಲ್ಲ. ನೂರೊಂದನೇ ದಿನವೂ ಅದರ ಪಾಲು ಅದೇ ನೂರರಲ್ಲಿ ಒಂದು.

ಪಂಡಿತರು ಮಿರ್ಚಿ ಕಚ್ಚುವುದನ್ನು ನಿಲ್ಲಿಸಿ ಮೊದಲ ಬಾರಿಗೆ ನನ್ನನ್ನು ಗೌರವದಿಂದ ನೋಡಿದರು.

“ಎಷ್ಟು ಎಂದಿರಿ ಮಾಸ್ತರರೇ? 37?”

“ಸರಿಯಾಗಿ ಹೇಳಬೇಕೆಂದರೆ 36.6.”

“ಹಾಗಾದರೆ 36ಕ್ಕೂ ಹತ್ತು ರೂಪಾಯಿ ಇರಲಿ” ಎಂದು ಚೀಟಿ ತೆಗೆದರು.